‘ಮೇಡಂ, ಹರಡಿದೆಯಾ?’: ಜೀವಕೋಶಗಳ ಅಂಟು ಮತ್ತು ಕ್ಯಾನ್ಸರ್

(ಒಂದು ವಿಜ್ಞಾನ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಪೆಥಾಲಜಿಸ್ಟ್. ದಿನದ ಬಹುಪಾಲು ಮೈಕ್ರೋಸ್ಕೋಪಿನ ಮುಂದೆ ಕೂತಿರುತ್ತೇನೆ. ರೋಗಿಗಳ ಮುಖ ನೋಡುವುದು ಕಡಿಮೆ, ಅವರ ಮೈಯಿಂದ ತೆಗೆದ ತುಣುಕುಗಳನ್ನು ನೋಡುವುದೇ ಜಾಸ್ತಿ. ಆದರೂ ರಿಪೋರ್ಟ್ ತೆಗೆದುಕೊಳ್ಳಲು ಬಂದವರು ಕೆಲವೊಮ್ಮೆ ಕೌಂಟರ್ ಪಕ್ಕ ಕಾದು ನಿಂತಿರುತ್ತಾರೆ. ಹೆಂಡತಿಯ ರಿಪೋರ್ಟ್ ಹಿಡಿದ ಗಂಡ, ಅಮ್ಮನ ರಿಪೋರ್ಟ್ ಹಿಡಿದ ಮಗ. ಕವರ್ ಇನ್ನೂ ಒಡೆದಿರುವುದಿಲ್ಲ. “ಕ್ಯಾನ್ಸರಾ?” ಅಂತ ಕೇಳುವವರು ಕಡಿಮೆ. ಅದು ಅಷ್ಟೊತ್ತಿಗೆ ಅವರಿಗೆ ಗೊತ್ತಾಗಿರುತ್ತದೆ. ಕೇಳುವುದು ಒಂದೇ ಮಾತು: “ಮೇಡಂ, ಹರಡಿದೆಯಾ?”

ಅವರು ಕೇಳುವುದು ಸರಿಯಾದ ಪ್ರಶ್ನೆಯನ್ನೇ. ಕ್ಯಾನ್ಸರಿನಿಂದ ಸಾಯುವವರಲ್ಲಿ ಹೆಚ್ಚಿನವರು ಮೊದಲು ಹುಟ್ಟಿದ ಗಡ್ಡೆಯಿಂದ ಸಾಯುವುದಿಲ್ಲ. ಅದು ಶ್ವಾಸಕೋಶಕ್ಕೋ, ಲಿವರಿಗೋ, ಮೂಳೆಗೋ, ಮಿದುಳಿಗೋ ಹೋಗಿ ಅಲ್ಲಿ ಬೇರೂರಿದಾಗ ಸಾಯುತ್ತಾರೆ.

ಆದರೆ ‘ಹರಡು’ ಅನ್ನುವ ಪದವೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ನೆಲಕ್ಕೆ ಚೆಲ್ಲಿದ ಎಣ್ಣೆ ಹರಡುತ್ತದೆ. ಊರಲ್ಲಿ ಸುದ್ದಿ ಹರಡುತ್ತದೆ. ಎಣ್ಣೆ ಅದಕ್ಕಾಗಿ ಏನೂ ಕಷ್ಟಪಡಬೇಕಿಲ್ಲ. ಕ್ಯಾನ್ಸರ್ ಹಾಗಲ್ಲ. ಒಂದು ಜೀವಕೋಶ ಮೊದಲು ಪಕ್ಕದವರಿಂದ ಕಳಚಿಕೊಳ್ಳಬೇಕು. ಕೆಳಗಿನ ಪದರ ಕೊರೆಯಬೇಕು. ರಕ್ತನಾಳದೊಳಗೆ ನುಸುಳಬೇಕು, ಅಲ್ಲಿನ ಸೆಳೆತದಲ್ಲಿ ಬದುಕಬೇಕು, ಇನ್ನೆಲ್ಲೋ ಹೊರಬಂದು ನೆಲೆ ನಿಲ್ಲಬೇಕು. ಇದು ಸುಲಭದ ಕೆಲಸವಲ್ಲ. 1970ರಲ್ಲಿ ಐಸಾಯಾ ಫಿಡ್ಲರ್ ಎಂಬ ವಿಜ್ಞಾನಿ ಇಲಿಗಳ ರಕ್ತಕ್ಕೆ ಗುರುತು ಹಾಕಿದ ಕ್ಯಾನ್ಸರ್ ಕೋಶಗಳನ್ನು ಬಿಟ್ಟು ಲೆಕ್ಕ ಹಾಕಿದರು. ಒಂದು ದಿನ ಕಳೆಯುವಷ್ಟರಲ್ಲಿ ಬಹುತೇಕ ಎಲ್ಲವೂ ಸತ್ತುಹೋಗಿದ್ದವು.

ಆ ಉಳಿದ ಬೆರಳೆಣಿಕೆಯ ಕೋಶಗಳು ಹೇಗೆ ಉಳಿದವು? ಅವು ಯಾರ ಕೈ ಬಿಟ್ಟವು, ಯಾರ ಕೈ ಹಿಡಿದವು ಅನ್ನುವುದೇ ಇವತ್ತಿನ ಮಾತು.

ಮೊದಲು ಒಂದು ಸ್ಲೈಡ್ ತೋರಿಸುತ್ತೇನೆ. ಇದು ಮಾಮೂಲಿ, ಆರೋಗ್ಯವಾಗಿರುವ ಸ್ತನದ ಹಾಲಿನ ನಾಳ. ಇದಕ್ಕೆ ವಿಶೇಷ ಬಣ್ಣ ಹಾಕಿದ್ದೇವೆ. ನೀಲಿ ಚುಕ್ಕೆಗಳು ಕಾಣುತ್ತಿವೆಯಲ್ಲ, ಅವು ಕೋಶಕೇಂದ್ರಗಳು. ಪ್ರತಿ ಚುಕ್ಕೆಯ ಸುತ್ತ ಕಂದು ಗೆರೆ ಇದೆ. ಒಂದು ಕೋಶದ ಗೆರೆ ಪಕ್ಕದ ಕೋಶದ ಗೆರೆಗೆ ಕೂಡಿಕೊಂಡು ಇಡೀ ನಾಳ ಜೇನುಗೂಡಿನ ಹಾಗೆ ಕಾಣುತ್ತದೆ. ಆ ಕಂದು ಗೆರೆಯ ಹೆಸರು ಇ-ಕ್ಯಾಡ್ಹೆರಿನ್. ಕೋಶಕ್ಕೂ ಕೋಶಕ್ಕೂ ನಡುವಿನ ಅಂಟು ಅದು.

ಅಂಟು ಅಂದ ತಕ್ಷಣ ಗೋಂದು ನೆನಪಿಗೆ ಬರುತ್ತದೆ. ಇದು ಗೋಂದಿನ ಹಾಗಲ್ಲ, ಕೈಕೈ ಹಿಡಿದ ಹಾಗೆ. ಇ-ಕ್ಯಾಡ್ಹೆರಿನ್ ಒಂದು ಉದ್ದನೆಯ ಪ್ರೊಟೀನ್. ಅದರ ಐದು ಗಂಟುಗಳು ಕೋಶದ ಹೊರಗೆ ಚಾಚಿಕೊಂಡಿರುತ್ತವೆ. ಗಂಟು ಗಂಟಿನ ನಡುವೆ ಕ್ಯಾಲ್ಸಿಯಂ ಕೂತಾಗ ಮಾತ್ರ ಈ ತೋಳು ಸೆಟೆದು ನಿಲ್ಲುತ್ತದೆ. ಕ್ಯಾಲ್ಸಿಯಂ ತೆಗೆದರೆ ಜೋತು ಬೀಳುತ್ತದೆ. ತೋಳಿನ ತುದಿಯಲ್ಲಿ ಟ್ರಿಪ್ಟೊಫ್ಯಾನ್ ಎಂಬ ಒಂದು ಅಮೈನೋ ಆಮ್ಲ ಇದೆ. ಅದು ಎದುರಿನ ಕೋಶದ ಕ್ಯಾಡ್ಹೆರಿನ್‌ನಲ್ಲಿರುವ ಪುಟ್ಟ ಜೇಬಿನೊಳಗೆ ಹೋಗಿ ಕೂರುತ್ತದೆ. ಎದುರಿನದ್ದು ತನ್ನದನ್ನು ಇದರ ಜೇಬಿಗೆ ಇಡುತ್ತದೆ. ಒಂದೊಂದು ಜೋಡಿಯ ಹಿಡಿತ ಬಹಳ ದುರ್ಬಲ. ಸಾವಿರಾರು ಜೋಡಿ ಸೇರಿದಾಗ ಗಟ್ಟಿ. ಕೋಶದ ಒಳಗಡೆ ಈ ತೋಳು ಕ್ಯಾಟೆನಿನ್ ಎಂಬ ಪ್ರೊಟೀನುಗಳ ಮೂಲಕ ಕೋಶದ ಅಸ್ಥಿಪಂಜರಕ್ಕೆ ಕಟ್ಟಿಕೊಂಡಿರುತ್ತದೆ. ಅಂದರೆ ಹೊರಗೆ ಯಾರಾದರೂ ಎಳೆದರೆ ಒಳಗೆ ಗೊತ್ತಾಗುತ್ತದೆ.

ಇದನ್ನು ಕಂಡುಹಿಡಿದ ಕಥೆ ನನಗೆ ತುಂಬಾ ಇಷ್ಟ. ಜಪಾನಿನ ಮಸತೋಶಿ ತಾಕೆಯಿಚಿ ಕ್ಯೋಟೋದಲ್ಲಿ ಹ್ಯಾಮ್‌ಸ್ಟರ್ ಕೋಶಗಳನ್ನು ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಬಿಡಿಬಿಡಿ ಮಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವು ಮತ್ತೆ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. 1970ರ ದಶಕದ ಮಧ್ಯದಲ್ಲಿ ಅವರು ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಕಾರ್ನೆಗಿ ಸಂಸ್ಥೆಗೆ ಹೋದರು. ಅಲ್ಲಿ ಅದೇ ಕೋಶ, ಅದೇ ಪ್ರಯೋಗ. ಆದರೆ ಕೋಶಗಳು ಅಂಟಿಕೊಳ್ಳಲೇ ಇಲ್ಲ. ಇಂಥ ಹೊತ್ತಲ್ಲಿ ಪ್ರಯೋಗ ಕೆಟ್ಟಿತು ಅಂತ ಚೆಲ್ಲಿಬಿಡುವವರೇ ಜಾಸ್ತಿ. ತಾಕೆಯಿಚಿ ಚೆಲ್ಲಲಿಲ್ಲ, ಹುಡುಕಿದರು. ವ್ಯತ್ಯಾಸ ಇದ್ದದ್ದು ಟ್ರಿಪ್ಸಿನ್ ಕಲಸಿದ ದ್ರವದಲ್ಲಿ. ಬಾಲ್ಟಿಮೋರ್‌ನ ದ್ರವದಲ್ಲಿ ಇಡಿಟಿಎ ಇತ್ತು. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ವಸ್ತು. ಕ್ಯಾಲ್ಸಿಯಂ ಇದ್ದಾಗ ಕೋಶದ ಮೇಲಿನ ಯಾವುದೋ ಒಂದು ಪ್ರೊಟೀನ್ ಟ್ರಿಪ್ಸಿನ್‌ನಿಂದ ಪಾರಾಗುತ್ತಿತ್ತು. ಇಲ್ಲದಾಗ ಟ್ರಿಪ್ಸಿನ್ ಅದನ್ನು ತಿಂದುಹಾಕುತ್ತಿತ್ತು. ಅದೇ ಅಂಟು. 1984ರಲ್ಲಿ ಅದಕ್ಕೆ ಕ್ಯಾಡ್ಹೆರಿನ್ ಅಂತ ಹೆಸರಿಟ್ಟರು. ಕ್ಯಾಲ್ಸಿಯಂ ಇದ್ದರೆ ಅಂಟುವುದು ಅನ್ನುವ ಅರ್ಥದ ಹೆಸರು.

ಕ್ಯಾನ್ಸರಿನಲ್ಲಿ ಈ ಅಂಟು ಸಡಿಲವಾಗುತ್ತದೆ ಅನ್ನುವ ಗುಮಾನಿ ಅದಕ್ಕೂ ಹಳೆಯದು. 1944ರಲ್ಲಿ ಅಮೆರಿಕದ ಡೇಲ್ ಕೋಮನ್ ಮೈಕ್ರೋಸ್ಕೋಪಿನ ಕೆಳಗೆ ಕೂದಲಿಗಿಂತ ತೆಳುವಾದ ಸೂಜಿಗಳಿಂದ ಎರಡು ಕೋಶಗಳನ್ನು ಎಳೆದು ಬೇರೆ ಮಾಡಿದರು. ಬೇರೆಯಾಗುವಾಗ ಸೂಜಿ ಎಷ್ಟು ಬಾಗಿತು ಅಂತ ನೋಡಿದರು. ಸ್ಕ್ವಾಮಸ್ ಕ್ಯಾನ್ಸರಿನ ಕೋಶಗಳು ಆರೋಗ್ಯವಂತ ಕೋಶಗಳಿಗಿಂತ ತುಂಬಾ ಸುಲಭವಾಗಿ ಬಿಟ್ಟುಕೊಂಡವು. ಸ್ಕ್ವಾಮಸ್ ಅಂದರೆ ನಮ್ಮಲ್ಲಿ ತಂಬಾಕು, ಅಡಿಕೆ ಅಗಿಯುವವರ ಬಾಯಲ್ಲಿ ಕಾಣುವ ಕ್ಯಾನ್ಸರಿನ ಜಾತಿಯೇ.

ಈಗ ನಿಮ್ಮನ್ನು ನ್ಯೂಜಿಲೆಂಡಿಗೆ ಕರೆದುಕೊಂಡು ಹೋಗಬೇಕು. ಅಂಟು ಒಂದು ಕೈಕೊಟ್ಟರೆ ಏನಾಗುತ್ತದೆ ಅಂತ ಜಗತ್ತಿಗೆ ಗೊತ್ತಾದದ್ದು ಅಲ್ಲಿನ ಮಾವೋರಿ ಜನಾಂಗದ ಒಂದು ದೊಡ್ಡ ಕುಟುಂಬದಿಂದ. ಟೌರಂಗ ಎಂಬ ಊರಿನ ಕಡೆಯವರು. 30 ವರ್ಷಗಳಲ್ಲಿ ಆ ಮನೆತನದ ಸುಮಾರು 25 ಮಂದಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ವಯಸ್ಸಾದವರಲ್ಲ, ಎಷ್ಟೋ ಜನ ಎಳೆಯರು. ಇದು ಯಾವುದೋ ಶಾಪ ಅಂತ ಮನೆಯವರಲ್ಲೇ ಕೆಲವರು ನಂಬಿದ್ದರು. ನಂಬದೆ ಇನ್ನೇನು ಮಾಡುತ್ತಾರೆ? ವರ್ಷ ವರ್ಷ ಒಬ್ಬೊಬ್ಬರನ್ನು ಮಣ್ಣು ಮಾಡುತ್ತಿದ್ದರೆ ಯಾರಿಗಾದರೂ ಹಾಗೇ ಅನಿಸುತ್ತದೆ.

ಆದರೆ ಆ ಮನೆಯವರು ಅಲ್ಲಿಗೇ ಬಿಡಲಿಲ್ಲ. ತಾವಾಗಿಯೇ ವಿಜ್ಞಾನಿಗಳ ಬಳಿ ಹೋದರು. ಯಾರ ಮಗ ಯಾರು, ಯಾರು ಯಾವಾಗ ತೀರಿಕೊಂಡರು ಅಂತ ವಂಶಾವಳಿ ಹಾಕಿಕೊಟ್ಟರು. ರಕ್ತ ಕೊಟ್ಟರು. ಮಾವೋರಿಗಳಿಗೆ ವಂಶಾವಳಿ ಅಂದರೆ ಪವಿತ್ರವಾದದ್ದು, ಹೊರಗಿನವರ ಕೈಗೆ ಕೊಡುವುದು ಸಣ್ಣ ಮಾತಲ್ಲ. ಒಟಾಗೊ ವಿಶ್ವವಿದ್ಯಾಲಯದ ಪ್ಯಾರಿ ಗಿಲ್‌ಫೋರ್ಡ್ ಅವರ ತಂಡ ಈ ಕುಟುಂಬದ ಜೊತೆ ಸೇರಿ ಹುಡುಕಿತು. 1998ರಲ್ಲಿ ಉತ್ತರ ಸಿಕ್ಕಿತು. ತಲೆಮಾರಿನಿಂದ ತಲೆಮಾರಿಗೆ ಬರುತ್ತಿದ್ದದ್ದು ಒಂದು ಕೆಟ್ಟ ಜೀನ್. ಆ ಜೀನ್ ಹೆಸರು ಸಿಡಿಎಚ್1. ಅದು ತಯಾರಿಸುವುದು ಇ-ಕ್ಯಾಡ್ಹೆರಿನ್ ಅನ್ನು. ನೀವು ಈಗ ನೋಡಿದ ಆ ಕಂದು ಗೆರೆಯನ್ನು.

ಈ ಕ್ಯಾನ್ಸರಿನ ಭಯಂಕರ ಗುಣ ಏನು ಅಂದರೆ ಗಡ್ಡೆಯೇ ಕಟ್ಟುವುದಿಲ್ಲ. ಕೋಶಗಳು ಒಂದಕ್ಕೊಂದು ಹಿಡಿದುಕೊಂಡರೆ ತಾನೇ ಗಡ್ಡೆ? ಹಿಡಿಯುವ ಕೈಯೇ ಇಲ್ಲದ ಕೋಶಗಳು ಒಂದೊಂದಾಗಿ ಹೊಟ್ಟೆಯ ಒಳಪದರದ ಕೆಳಗೆ ನುಸುಳಿ ಹಂಚಿಹೋಗುತ್ತವೆ. ಎಂಡೋಸ್ಕೋಪಿ ಹಾಕಿ ನೋಡಿದರೆ ಮೇಲ್ಪದರ ಚೆನ್ನಾಗಿಯೇ ಕಾಣುತ್ತದೆ. ಕಾಣುವ ಹೊತ್ತಿಗೆ ಹೊತ್ತು ಮೀರಿರುತ್ತದೆ. ಅದಕ್ಕೇ ಈ ಜೀನ್ ಇರುವವರಲ್ಲಿ ಬಹಳ ಜನ, ಇನ್ನೂ ಆರೋಗ್ಯವಾಗಿ ಇರುವಾಗಲೇ, ಇಡೀ ಹೊಟ್ಟೆಯನ್ನು ತೆಗೆಸಿಕೊಳ್ಳುವ ದಾರಿ ಆರಿಸಿಕೊಂಡರು. ಹೊಟ್ಟೆ ಅಂದರೆ ಇಲ್ಲಿ ಜಠರ. ಅದಿಲ್ಲದೆಯೂ ಬದುಕಬಹುದು. ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಉಣ್ಣಬೇಕು, ಜೀವನಪೂರ್ತಿ ಬಿ12 ತೆಗೆದುಕೊಳ್ಳಬೇಕು. ಹಾಗೆ ತೆಗೆದ ಜಠರಗಳನ್ನು ನನ್ನಂಥ ಪೆಥಾಲಜಿಸ್ಟ್‌ಗಳು ಇಂಚಿಂಚು ಕೊಯ್ದು ನೋಡಿದರು. ಏನೂ ತೊಂದರೆ ಇಲ್ಲ ಅಂದುಕೊಂಡಿದ್ದ ಅನೇಕರ ಜಠರದಲ್ಲೂ ಅಲ್ಲಲ್ಲಿ ಪುಟ್ಟ ಪುಟ್ಟ ಕ್ಯಾನ್ಸರ್ ಕಲೆಗಳು ಆಗಲೇ ಇದ್ದವು. ಆ ಕುಟುಂಬ ಮುಂದೆ ಬರದೇ ಇದ್ದಿದ್ದರೆ ಇವತ್ತು ಬೇರೆ ದೇಶಗಳಲ್ಲಿ ಇದೇ ಜೀನ್ ಇರುವ ಮನೆಗಳಿಗೂ ದಾರಿ ಗೊತ್ತಾಗುತ್ತಿರಲಿಲ್ಲ.

ಇದೇ ಕೆಟ್ಟ ಜೀನ್ ಹೊತ್ತ ಹೆಂಗಸರಿಗೆ ಸ್ತನದ ಕ್ಯಾನ್ಸರಿನ ಒಂದು ಬಗೆ ಬರುವ ಅಪಾಯವೂ ಹೆಚ್ಚು. ಅದಕ್ಕೆ ಲೋಬ್ಯುಲರ್ ಅನ್ನುತ್ತೇವೆ. ಮನೆತನದಲ್ಲಿ ಏನೂ ಇಲ್ಲದವರಿಗೂ ಅದು ಬರುತ್ತದೆ, ಸ್ತನದ ಕ್ಯಾನ್ಸರುಗಳಲ್ಲಿ 100ಕ್ಕೆ 10ರಿಂದ 15 ಇದೇ ಜಾತಿ. ಎರಡನೇ ಸ್ಲೈಡ್ ನೋಡಿ. ಅದೇ ಬಣ್ಣ ಹಾಕಿದ್ದೇವೆ. ಕಂದು ಗೆರೆ ಎಲ್ಲಿದೆ? ಇಲ್ಲ, ಅಲ್ವಾ? ನೀಲಿ ಚುಕ್ಕೆಗಳು ಮಾತ್ರ, ಒಂದರ ಹಿಂದೆ ಒಂದು, ಇರುವೆ ಸಾಲಿನ ಹಾಗೆ. ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥ ಸ್ಲೈಡ್ ಒಂದನ್ನು ನೋಡಿ, ಇದರಲ್ಲಿ ಏನೂ ಇಲ್ಲ ಅಂತ ಪಕ್ಕಕ್ಕಿಟ್ಟಿದ್ದೆ. ಹಿರಿಯರೊಬ್ಬರು ಸುಮ್ನೆ ಅದನ್ನು ವಾಪಸ್ ಮೈಕ್ರೋಸ್ಕೋಪಿಗೆ ಹಾಕಿ, “ಸಾಲು ನೋಡಮ್ಮ” ಅಂದರು. ಆಮೇಲೆ ಅದೊಂದೇ ಕಂಡಿತು. ಈ ಬಗೆಯ ಕ್ಯಾನ್ಸರ್ ಕೈಗೆ ಗಂಟಾಗಿ ಸಿಗದೇ ಹೋಗಬಹುದು, ಮ್ಯಾಮೊಗ್ರಾಮ್‌ನಲ್ಲೂ ತಪ್ಪಿಸಿಕೊಳ್ಳಬಹುದು. ಗಂಟೇ ಇರಬೇಕು ಅಂತೇನಿಲ್ಲ. ಸ್ತನದ ಒಂದು ಭಾಗ ದಪ್ಪಗಾದ ಹಾಗೆ, ಗಟ್ಟಿಯಾದ ಹಾಗೆ ಅನಿಸಿದರೂ ತೋರಿಸಬೇಕು.

ಇಲ್ಲಿಗೆ ಒಂದು ಸರಳ ಕಥೆ ಸಿಕ್ಕಿತು. ಅಂಟು ಹೋದರೆ ಕ್ಯಾನ್ಸರ್ ಹರಡುತ್ತದೆ. ನಾನೂ ಓದುವಾಗ ಇದನ್ನೇ ಬರೆದು ಪಾಸಾದೆ. 2000ದ ಆಸುಪಾಸಿನಲ್ಲಿ ಇದಕ್ಕೆ ಇನ್ನಷ್ಟು ಬಲ ಬಂತು. ಭ್ರೂಣ ಬೆಳೆಯುವಾಗ ಕೆಲವು ಕೋಶಗಳು ಸಾಲು ಬಿಟ್ಟು ಬೇರೆ ಜಾಗಕ್ಕೆ ನಡೆದು ಹೋಗಬೇಕಾಗುತ್ತದೆ. ಆಗ ಸ್ನೇಲ್ ಎಂಬ ಪ್ರೊಟೀನ್ ಬಂದು ಇ-ಕ್ಯಾಡ್ಹೆರಿನ್ ಜೀನಿನ ಬಾಯಿ ಮುಚ್ಚಿಸುತ್ತದೆ. ಕ್ಯಾನ್ಸರ್ ಕೋಶಗಳು ಇದೇ ಹಳೆಯ ವಿದ್ಯೆಯನ್ನು ಮತ್ತೆ ಎತ್ತಿಕೊಳ್ಳುತ್ತವೆ. ಜೀನ್ ಕೆಡಬೇಕಾಗಿಲ್ಲ, ಮೌನವಾದರೆ ಸಾಕು.

ಆದರೆ ದಿನಾ ಸ್ಲೈಡ್ ನೋಡುವ ನಮಗೆ ಒಂದು ವಿಷಯ ಕಾಡುತ್ತಲೇ ಇತ್ತು. ಸ್ತನದ ಕ್ಯಾನ್ಸರಿನಲ್ಲಿ ಹೆಚ್ಚಿನವು ಡಕ್ಟಲ್ ಅನ್ನುವ ಜಾತಿ. ಅದರಲ್ಲಿ ಕಂದು ಗೆರೆ ಚೆನ್ನಾಗಿಯೇ ಇರುತ್ತದೆ. ಅದು ಕಂಕುಳಿನ ಗ್ರಂಥಿಗೆ ಹೋದಾಗಲೂ ಗೆರೆ ಇರುತ್ತದೆ. ಲಿವರಿಗೆ ಹೋಗಿ ಕೂತಾಗಲೂ ಇರುತ್ತದೆ. ಕೈ ಬಿಟ್ಟವರು ಮಾತ್ರ ಊರು ಬಿಡುತ್ತಾರೆ ಅಂದರೆ, ಇವರು ಕೈ ಹಿಡಿದುಕೊಂಡೇ ಊರು ಬಿಟ್ಟದ್ದು ಹೇಗೆ?

2019ರಲ್ಲಿ ಇದಕ್ಕೊಂದು ಒಳ್ಳೆಯ ಉತ್ತರ ಬಂತು. ಬಂದದ್ದು ಬಾಲ್ಟಿಮೋರ್‌ನಿಂದಲೇ, ಜಾನ್ಸ್ ಹಾಪ್ಕಿನ್ಸ್‌ನ ಆಂಡ್ರ್ಯೂ ಇವಾಲ್ಡ್ ಅವರ ತಂಡದಿಂದ. ಅವರು ಇಲಿಗಳ ಡಕ್ಟಲ್ ಮಾದರಿಯ ಸ್ತನ ಕ್ಯಾನ್ಸರಿನಲ್ಲಿ ಇ-ಕ್ಯಾಡ್ಹೆರಿನ್ ತೆಗೆದುಹಾಕಿದರು. ಮೊದಲ ಅರ್ಧ ಎಲ್ಲರೂ ಎಣಿಸಿದ ಹಾಗೇ ಆಯಿತು. ಕೋಶಗಳು ಗಡ್ಡೆ ಬಿಟ್ಟು ಸುತ್ತಲಿನ ಮಾಂಸಕ್ಕೆ ಜಾಸ್ತಿ ನುಗ್ಗಿದವು. ಆದರೆ ದೂರ ಹೋಗಿ ಹೊಸ ಗಡ್ಡೆ ಕಟ್ಟುವುದು? ಅದು ಏರಲಿಲ್ಲ, ತೀರಾ ಇಳಿದುಹೋಯಿತು. ಕೈ ಬಿಟ್ಟ ಕೋಶಗಳು ದಾರಿಯಲ್ಲೇ ಸತ್ತವು. ಪಕ್ಕದವರ ಹಿಡಿತವೇ ಅವುಗಳನ್ನು ಬದುಕಿಸಿ ಇಟ್ಟಿತ್ತು.

ಅದಕ್ಕೂ ಮೊದಲು, 2014ರಲ್ಲಿ, ರಕ್ತದಲ್ಲಿ ಓಡಾಡುವ ಕ್ಯಾನ್ಸರ್ ಕೋಶಗಳನ್ನು ಹಿಡಿದು ನೋಡಿದ ತಂಡವೊಂದು ಇದೇ ಕಡೆಗೆ ಬೆರಳು ತೋರಿಸಿತ್ತು. ಹೆಚ್ಚಿನ ಕೋಶಗಳು ಒಂಟಿಯಾಗಿ ಹೋಗುತ್ತವೆ. ಅಪರೂಪಕ್ಕೆ ಕೆಲವು ಗುಂಪಾಗಿ, ಒಂದನ್ನೊಂದು ಹಿಡಿದುಕೊಂಡು ಹೋಗುತ್ತವೆ. ಹೊಸ ಗಡ್ಡೆ ಕಟ್ಟುವ ಶಕ್ತಿ ಈ ಗುಂಪುಗಳಿಗೆ ಒಂಟಿ ಕೋಶಗಳಿಗಿಂತ 23ರಿಂದ 50 ಪಟ್ಟು ಹೆಚ್ಚು ಇತ್ತು. ಜಾತ್ರೆಯಲ್ಲಿ ಕೈ ಬಿಟ್ಟ ಮಗು ಕಳೆದುಹೋಗುತ್ತದೆ, ಕೈ ಹಿಡಿದವರು ಎಷ್ಟೇ ಜನ ನೂಕಿದರೂ ತಲುಪುತ್ತಾರೆ.

ಹಾಗಾದರೆ ಗಟ್ಟಿ ಹಿಡಿದುಕೊಂಡೇ ಇದ್ದರೆ ನಡೆಯುವುದು ಹೇಗೆ? ಇಲ್ಲೊಂದು ನಡುವಿನ ಸ್ಥಿತಿ ಇದೆ. ಅರ್ಧ ಸಡಿಲ, ಅರ್ಧ ಬಿಗಿ. ಬಾಯಿಯ ಕ್ಯಾನ್ಸರಿನಲ್ಲಿ ಗಡ್ಡೆಯ ಮುಂಚೂಣಿಯ ಕೋಶಗಳು ಹೀಗೆ ಅರ್ಧಂಬರ್ಧ ಬದಲಾಗಿರುತ್ತವೆ. ಹಿಂದಿನವು ಅವನ್ನು ಹಿಡಿದುಕೊಂಡು ಬರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೋಹಿತ್ ಕುಮಾರ್ ಜಾಲಿ ಅವರ ತಂಡ ಈ ನಡುವಿನ ಸ್ಥಿತಿಯನ್ನೇ ಗಣಿತದ ಮಾದರಿಗಳ ಮೂಲಕ ಅಭ್ಯಾಸ ಮಾಡುತ್ತಿದೆ. ನಡುವಿನ ಸ್ಥಿತಿ ಅಂದರೆ ಸುಮ್ನೆ ದಾಟಿಹೋಗುವ ಮೆಟ್ಟಿಲಲ್ಲ, ಕೋಶ ಅಲ್ಲೇ ನೆಲೆಯಾಗಿ ನಿಲ್ಲಬಲ್ಲದು, ಮತ್ತು ಅತಿ ಅಪಾಯದ ಕೋಶಗಳು ಅವೇ ಇರಬಹುದು ಅನ್ನುವುದು ಈ ಕೆಲಸದಿಂದ ಬಂದ ದೊಡ್ಡ ಯೋಚನೆ. ಆ ಕ್ಯಾಂಪಸ್ ಮುಂದೆ ಬಸ್ಸಿನಲ್ಲಿ ಹೋಗುವ ಮಕ್ಕಳಿಗೆ ಇದು ಗೊತ್ತಾಗಬೇಕು ಅನ್ನುವ ಆಸೆ ನನಗೆ.

ಇಷ್ಟು ಹೊತ್ತು ಪಕ್ಕದವರ ಕೈ ಹಿಡಿಯುವ ಮಾತಾಯಿತು. ಇನ್ನು ಕಾಲೂರುವ ಮಾತು. ಕೋಶಗಳು ನೆಲ, ಅಂದರೆ ತಮ್ಮ ಕೆಳಗಿನ ಪದರ, ಹಿಡಿಯುವುದು ಇಂಟೆಗ್ರಿನ್ ಎಂಬ ಪ್ರೊಟೀನುಗಳಿಂದ. ನಮ್ಮಲ್ಲಿ 24 ಬಗೆಯ ಇಂಟೆಗ್ರಿನ್‌ಗಳಿವೆ. ಇವನ್ನು ಬಿಡಿಸಿ ತೋರಿಸಿದ ರಿಚರ್ಡ್ ಹೈನ್ಸ್, ಎರ್ಕಿ ರೂಸ್ಲಹ್ಟಿ ಮತ್ತು ತಿಮೋತಿ ಸ್ಪ್ರಿಂಗರ್ ಅವರಿಗೆ 2022ರಲ್ಲಿ ವೈದ್ಯ ವಿಜ್ಞಾನದ ದೊಡ್ಡ ಗೌರವವಾದ ಲ್ಯಾಸ್ಕರ್ ಪ್ರಶಸ್ತಿ ಬಂತು. ಆರೋಗ್ಯವಂತ ಕೋಶದ ಕಾಲಡಿಯ ನೆಲ ತಪ್ಪಿದರೆ ಅದು ತಾನಾಗಿಯೇ ಸಾಯುತ್ತದೆ. ಇದಕ್ಕೆ 1994ರಲ್ಲಿ ಅನೋಯಿಕಿಸ್ ಅಂತ ಹೆಸರು ಕೊಟ್ಟರು. ಗ್ರೀಕ್ ಭಾಷೆಯಲ್ಲಿ ಮನೆಯಿಲ್ಲದಿರುವುದು ಅಂತ ಅರ್ಥ. ಕ್ಯಾನ್ಸರ್ ಕೋಶ ಮೊದಲು ಕಲಿಯಬೇಕಾದದ್ದು ಮನೆಯಿಲ್ಲದೆ ಬದುಕುವುದನ್ನು. ರಕ್ತದಲ್ಲಿ ಅದು ಪ್ಲೇಟ್‌ಲೆಟ್‌ಗಳನ್ನು ಕಂಬಳಿಯ ಹಾಗೆ ಹೊದ್ದುಕೊಂಡು ರೋಗನಿರೋಧಕ ಕೋಶಗಳ ಕಣ್ಣು ತಪ್ಪಿಸುವುದೂ ಉಂಟು. ಅದಕ್ಕೆ ಸೆಲೆಕ್ಟಿನ್ ಎಂಬ ಇನ್ನೊಂದು ಅಂಟು ಅಣು ನೆರವಾಗುತ್ತದೆ.

ಆಮೇಲೆ ಎಲ್ಲಿ ಇಳಿಯುವುದು? 1889ರಲ್ಲಿ ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡ 735 ಹೆಂಗಸರ ದಾಖಲೆ ನೋಡಿ, ಬೀಜ ಎಲ್ಲ ಕಡೆ ಬಿದ್ದರೂ ಹೊಂದುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಅಂದರು. ಹೊಲದ ಬದುವಿನಲ್ಲಿ ನಡೆದವರಿಗೆ ಉತ್ತರಾಣಿ ಗೊತ್ತಿರುತ್ತದೆ. ಅದರ ಬೀಜ ಗಾಳಿಯಲ್ಲಿ ಹಾರುವುದಿಲ್ಲ. ನಿಮ್ಮ ಪಂಚೆಯ ಅಂಚಿಗೆ, ಸೀರೆಯ ನೆರಿಗೆಗೆ ಅಂಟಿಕೊಂಡು ಇನ್ನೊಂದು ಹೊಲಕ್ಕೆ ಬರುತ್ತದೆ. ಅಂಟು ಇರುವುದರಿಂದಲೇ ಅದು ಹರಡುತ್ತದೆ. ಕ್ಯಾನ್ಸರ್ ಕೋಶವೂ ಅಂಥದ್ದೇ ಬೀಜ. 2015ರಲ್ಲಿ ಡೇವಿಡ್ ಲೈಡನ್ ಅವರ ತಂಡ ಇನ್ನೂ ಆಶ್ಚರ್ಯದ ಸಂಗತಿ ಹೇಳಿತು. ಕ್ಯಾನ್ಸರ್ ಕೋಶಗಳು ಹೊರಡುವ ಮೊದಲೇ ಎಕ್ಸೋಸೋಮ್ ಎಂಬ ಪುಟ್ಟ ಗುಳ್ಳೆಗಳನ್ನು ಮುಂದೆ ಕಳಿಸುತ್ತವೆ. ಗುಳ್ಳೆಯ ಮೇಲೆ ಆಲ್ಫಾ-6 ಬೀಟಾ-4 ಎಂಬ ಇಂಟೆಗ್ರಿನ್ ಇದ್ದರೆ ಅದು ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ. ಆಲ್ಫಾ-ವಿ ಬೀಟಾ-5 ಇದ್ದರೆ ಲಿವರಿಗೆ. ಹೋದ ಕಡೆ ಮಣ್ಣು ಹದ ಮಾಡುತ್ತದೆ.

ಹಾಗಾದರೆ ಈ ಅಂಟಿಗೆ ಔಷಧಿ ಯಾಕಿಲ್ಲ? ಪ್ರಯತ್ನ ಆಗಿದೆ. ಸಿಲೆಂಗಿಟೈಡ್ ಎಂಬ ಔಷಧಿ ಇಂಟೆಗ್ರಿನ್‌ಗಳ ಹಿಡಿತ ತಡೆಯುತ್ತದೆ. ಅದರ ಮೇಲೆ ಬಹಳ ನಿರೀಕ್ಷೆ ಇತ್ತು. ಮಿದುಳಿನ ಗ್ಲಿಯೋಬ್ಲಾಸ್ಟೋಮಾ ಕ್ಯಾನ್ಸರಿನಲ್ಲಿ ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದರು. 2014ರಲ್ಲಿ ಫಲಿತಾಂಶ ಬಂತು. ರೋಗಿಗಳ ಆಯುಸ್ಸು ಹೆಚ್ಚಲಿಲ್ಲ. ತೊಡಕು ಎಲ್ಲಿ ಅಂದರೆ, ಕ್ಯಾನ್ಸರಿನ ಅಂಟು ಬೇರೆ, ನಮ್ಮ ಅಂಟು ಬೇರೆ ಅಲ್ಲ. ಗಾಯ ಮಾಯುವುದು, ರಕ್ತ ಹೆಪ್ಪುಗಟ್ಟುವುದು, ಚರ್ಮ ಚರ್ಮವಾಗಿ ಇರುವುದು ಎಲ್ಲವೂ ಇವೇ ಅಣುಗಳಿಂದ. ಈಚೆಗೆ ಸ್ವಿಟ್ಜರ್ಲೆಂಡಿನ ತಂಡವೊಂದು ಹೃದಯಕ್ಕೆ ಕೊಡುವ ಹಳೆಯ ಔಷಧಿ ಡಿಗಾಕ್ಸಿನ್ ಬಳಸಿ, ಸ್ತನದ ಕ್ಯಾನ್ಸರ್ ಹರಡಿದ ರೋಗಿಗಳ ರಕ್ತದಲ್ಲಿನ ಕೋಶದ ಗುಂಪುಗಳನ್ನು ಸಣ್ಣದು ಮಾಡಲು ನೋಡಿತು. ಗುಂಪುಗಳು ಸ್ವಲ್ಪ ಸಣ್ಣವಾದವು. ಇದ್ದದ್ದು 9 ರೋಗಿಗಳು ಮಾತ್ರ. ಇದರಿಂದ ಆಯುಸ್ಸು ಹೆಚ್ಚುತ್ತದೆ ಅಂತ ಯಾರೂ ತೋರಿಸಿಲ್ಲ. ದಯವಿಟ್ಟು ಯಾರೂ ಮನೆಯಲ್ಲಿರುವ ಡಿಗಾಕ್ಸಿನ್ ಮಾತ್ರೆ ನುಂಗಬೇಡಿ, ಅಳತೆ ತಪ್ಪಿದರೆ ಅದು ಪ್ರಾಣಕ್ಕೇ ಕುತ್ತು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಎದ್ದು ಕೇಳಿದರು: “ಸೂಜಿ ಹಾಕಿ ಬಯಾಪ್ಸಿ ತೆಗೆದರೆ ಹರಡುತ್ತೆ ಅಂತಾರಲ್ಲ ಮೇಡಂ, ಗಡ್ಡೆ ಮುಟ್ಟಬಾರದು ಅಂತಾರಲ್ಲ?”

ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತಿತ್ತು. ಸೂಜಿಯ ದಾರಿಯಲ್ಲಿ ಕೆಲವು ಕೋಶ ಕಳಚಿಕೊಳ್ಳುವುದು ನಿಜ. ಆದರೆ ಈಗ ತಾನೇ ನೋಡಿದಿರಿ. ಕಳಚಿಕೊಂಡ ಒಂಟಿ ಕೋಶಕ್ಕೆ ಹಿಡಿಯಲು ಕೈಯಿಲ್ಲ, ಊರಲು ನೆಲವಿಲ್ಲ. ಹೆಚ್ಚಿನವು ಅಲ್ಲೇ ಸಾಯುತ್ತವೆ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಬೆಳೆಯುವುದು ಅಪರೂಪ. ಅದರ ಅಪಾಯ ಇರುವ ವೃಷಣದಂಥ ಜಾಗಗಳಲ್ಲಿ ಡಾಕ್ಟರುಗಳು ಸೂಜಿ ಹಾಕುವುದೇ ಇಲ್ಲ, ಬೇರೆ ದಾರಿ ಹಿಡಿಯುತ್ತಾರೆ. ಸೂಜಿಗೆ ಹೆದರಿ ಆರು ತಿಂಗಳು ತಡ ಮಾಡಿದವರ ಸ್ಲೈಡ್‌ಗಳನ್ನು ನಾನು ನೋಡಿದ್ದೇನೆ. ಆ ಆರು ತಿಂಗಳಲ್ಲಿ ಗಡ್ಡೆ ಸುಮ್ಮನೆ ಕೂತಿರುವುದಿಲ್ಲ.

ಆ ಅಮ್ಮ ಕೂರಲಿಲ್ಲ. ಚೀಲದಿಂದ ಮಡಿಸಿದ ಒಂದು ಕಾಗದ ತೆಗೆದು ವೇದಿಕೆಯ ಹತ್ತಿರ ಬಂದರು. ಮಗಳ ಆಪರೇಷನ್ ಆದಮೇಲಿನ ರಿಪೋರ್ಟ್. ಓದಲು ಬರುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ನಾನು ಕೆಳಗಿಳಿದು ಬಂದು ಕೊನೆಯ ಪ್ಯಾರಾದಲ್ಲಿ ಒಂದು ಕಡೆ ಬೆರಳಿಟ್ಟೆ. ಅಲ್ಲಿ ‘0/18’ ಅಂತಿತ್ತು. ಕಂಕುಳಿನಿಂದ 18 ಗ್ರಂಥಿ ತೆಗೆದಿದ್ದಾರೆ, ಒಂದೊಂದನ್ನೂ ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡಿದ್ದಾರೆ, ಒಂದರಲ್ಲೂ ಕ್ಯಾನ್ಸರ್ ಕೋಶ ಸಿಕ್ಕಿಲ್ಲ ಅಂತ ಅರ್ಥ ಅಂದೆ. ಅವರು ಆ ಸೊನ್ನೆಯನ್ನು ತುಂಬಾ ಹೊತ್ತು ನೋಡುತ್ತಾ ನಿಂತರು.